ಏನೂ ಹಾಕಬಾರದ ಪಾತಿ

ಜೂನ್ 12

ಪುಟ್ಟಿಗೆ ಅಪ್ಪನ ಆಶೀರ್ವಾದ.

ಇಲ್ಲಿ ನಾನು, ನಿನ್ನ ಅಮ್ಮ, ಹಸು ಮತ್ತು ನಾಲ್ಕರಲ್ಲಿ ಮೂರು ಪಾತಿಗಳು ಕ್ಷೇಮ. ನಾಲ್ಕನೆಯದರ ವಿಷಯ ಆಮೇಲೆ ಬರೆಯುತ್ತೇನೆ.

ಫೋನಿನಲ್ಲಿ ಹೇಳಿದರೆ ದಾಖಲೆ ಆಗುವುದಿಲ್ಲ, ತಾರೀಖು ಹಾಕಿ ಸಹಿ ಮಾಡಿ ಬರೆದು ಕಳಿಸಬೇಕು ಎಂದು ನಿನ್ನ ಗೈಡ್ ಮೇಡಂ ಹೇಳಿದ್ದಾರಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಬರೆದೇ ಉತ್ತರ ಕೊಡಬೇಕು. ಫೋನಿನಲ್ಲಿ ನೀನು ಊಟ ಆಯಿತಾ ಎಂದು ಕೇಳಿ, ಏನು ಉಂಡೆ ಎಂದು ನಾನು ಹೇಳುವಷ್ಟರಲ್ಲಿ ಇಟ್ಟುಬಿಡುತ್ತೀಯ.

ಹೆಸರುಕಾಳು ಬಿತ್ತಿದ್ದಾಯಿತು. ನೀನು ಕಳಿಸಿದ ಪೊಟ್ಟಣದಲ್ಲಿನ ಕಪ್ಪು ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಬೇಕು ಎಂದಿತ್ತು. ಬೆಲ್ಲದ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹದವಾಗಿ ಕಾಯಿಸಿ, ಆರಿಸಿ, ಒಂದು ಕಾಳೂ ಇನ್ನೊಂದಕ್ಕೆ ಅಂಟದ ಹಾಗೆ ಹಚ್ಚಿ ನೆರಳಿನಲ್ಲಿ ಹರವಿದ್ದೆ. ನಿನ್ನ ಅಮ್ಮ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳಲು ಹೋದಳು. ಅದರಲ್ಲಿ ಜೀವಾಣು ಇವೆ ಎಂದು ತಡೆದೆ. ಈ ಮನೆಯಲ್ಲಿ ಸಿಹಿ ಮಾಡುವುದೇ ಅಪರೂಪ, ಮಾಡಿದರೆ ಅದೂ ಹುಳುಗಳಿಗಾ ಎಂದು ಎದ್ದು ಹೋದಳು.

ನೀನು ಹೇಳಿದಂತೆಯೇ ಒಂದೇ ಅಳತೆಯ ನಾಲ್ಕು ಪಾತಿ. ಮೊದಲನೆಯದಕ್ಕೆ ಅಂಗಡಿಯ ಚೀಲದ ಗೊಬ್ಬರ ಮಾತ್ರ. ಎರಡನೆಯದಕ್ಕೆ ನಮ್ಮ ಕೊಟ್ಟಿಗೆ ಗೊಬ್ಬರ, ನಾನೇ ಮಾಡಿದ ಎರೆಗೊಬ್ಬರ. ಮೂರನೆಯದಕ್ಕೆ ಅದರಲ್ಲಿ ಅರ್ಧ, ಇದರಲ್ಲಿ ಅರ್ಧ. ನಾಲ್ಕನೆಯದಕ್ಕೆ ಏನೂ ಇಲ್ಲ.

ಈಗ ನಾಲ್ಕನೆಯದರ ವಿಷಯ. ಹಾಸ್ಟೆಲಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿ ಬಡಿಸಿದವನು ನಾನು. ಇನ್ನೂರು ಹುಡುಗರು ಸಾಲಾಗಿ ಕೂತರೆ, ಅವನಿಗೆ ಪಲ್ಯ ಬಂತು ನನಗೆ ಬರಲಿಲ್ಲ ಎಂಬ ಮಾತು ಒಂದು ದಿನವೂ ಬಂದದ್ದಿಲ್ಲ. ಅಂಥವನ ಕೈಯಿಂದ ಪಂಕ್ತಿಭೇದ ಮಾಡಿಸುತ್ತಿದ್ದೀಯ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುತ್ತಾರೆ. ಅಲ್ಲಿ ಸುಣ್ಣವಾದರೂ ಸಿಕ್ಕಿತು. ಇವನಿಗೆ ಅದೂ ಇಲ್ಲ. ಮಿಕ್ಕವರಿಗೆ ಹಾಕಿ ಬುಟ್ಟಿಯ ತಳದಲ್ಲಿ ಉಳಿದದ್ದನ್ನಾದರೂ ಕೊಡಬಹುದೇ ಎಂದು ಮೇಡಂ ಅವರನ್ನು ಕೇಳಿ ತಿಳಿಸು.

ಇಂತಿ,
ನಿನ್ನ ಅಪ್ಪ

ಜೂನ್ 20

ಅಪ್ಪ,

ಮೇಡಂ ಅವರನ್ನು ಕೇಳಲಿಲ್ಲ, ಕೇಳುವುದೂ ಇಲ್ಲ. ಕೊಡಬಾರದು. ಬುಟ್ಟಿಯ ತಳದ್ದೂ ಬೇಡ, ಬುಟ್ಟಿ ಕೊಡವಿದ್ದೂ ಬೇಡ.

ನಾಲ್ಕನೆಯದಕ್ಕೆ ಏನೂ ಹಾಕದಿದ್ದರೆ ತಾನೇ, ಮಿಕ್ಕವಕ್ಕೆ ಹಾಕಿದ್ದರಿಂದ ಎಷ್ಟು ಹೆಚ್ಚು ಬೆಳೆ ಬಂತು, ಹಾಕಿದ ಖರ್ಚು ಗಿಟ್ಟಿತೇ ಇಲ್ಲವೇ ಎಂದು ಗೊತ್ತಾಗುವುದು? ನಿನ್ನ ಮಾತಿನಲ್ಲೇ ಹೇಳುತ್ತೇನೆ. ಉಪ್ಪಿಲ್ಲದ ಬೇಳೆಯನ್ನು ಒಂದು ಸಲ ಬಾಯಿಗಿಟ್ಟವನಿಗೆ ತಾನೇ ಉಪ್ಪಿನ ಬೆಲೆ ತಿಳಿಯುವುದು? ನಾಲ್ಕನೆಯದು ಉಪ್ಪಿಲ್ಲದ ಬೇಳೆ. ಅದು ಸಪ್ಪೆಯಾಗಿಯೇ ಇರಬೇಕು.

ಇನ್ನೊಂದು. ಅವನು ಅಲ್ಲ, ಅದು.

ನೀನು ಮರುಗಬೇಕಾಗಿಯೂ ಇಲ್ಲ. ದ್ವಿದಳದ ಬೇರಿನಲ್ಲಿ ಸಣ್ಣ ಗಂಟುಗಳಾಗುತ್ತವೆ. ಬೀಜಕ್ಕೆ ಹಚ್ಚಿದ ಜೀವಾಣು ಅಲ್ಲಿ ಕೂತು ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಕೊಡುತ್ತವೆ. ಅಂದರೆ ಹೆಸರು ತನ್ನ ಅಡುಗೆಯನ್ನು ಅಷ್ಟಿಷ್ಟು ತಾನೇ ಮಾಡಿಕೊಳ್ಳುತ್ತದೆ. ಸಾಯುವುದಿಲ್ಲ.

ಅಪ್ಪ, ಇದು ತಮಾಷೆಯಲ್ಲ. ಈ ನಾಲ್ಕು ಪಾತಿಯ ಮೇಲೆಯೇ ನನ್ನ ಪ್ರಬಂಧ ನಿಂತಿದೆ. ಇದು ಕೆಟ್ಟರೆ ಪದವಿ ಇಲ್ಲ, ಬರುವ ವರ್ಷದ ಕೊನೆಗೆ ಶಿಷ್ಯವೇತನವೂ ನಿಲ್ಲುತ್ತದೆ. ಖರ್ಚಿನ ಹಾಳೆಯಲ್ಲಿ ಎಲ್ಲವನ್ನೂ ಬರೆ. ನೀನು ಗೊಬ್ಬರ ಹೊತ್ತ, ತಿರುವಿದ, ಜರಡಿ ಹಿಡಿದ ಹೊತ್ತನ್ನೂ ಸೇರಿಸು. ನೀನು ಪತ್ರದ ಜೊತೆ ಇಟ್ಟ ಮೊದಲ ಹಾಳೆಯಲ್ಲಿ ಕೂಲಿಯ ಕಡೆ ಬರೀ ಸೊನ್ನೆ ಇದೆ.

ನಿನ್ನ ಮಗಳು

ಜುಲೈ 5

ಪುಟ್ಟಿಗೆ ಆಶೀರ್ವಾದ.

ಕೂಲಿಯ ಕಡೆ ಸೊನ್ನೆ ಸರಿಯಾಗಿಯೇ ಇದೆ. ಕೆಲಸ ಮಾಡಿದ್ದು ನಾನು. ಮನೆಯವನಿಗೆ ಯಾವ ಕೂಲಿ?

ಮೊದಲನೆಯವನು ಸರಸರ ಎದ್ದಿದ್ದಾನೆ. ಅಂಗಡಿ ತಿಂಡಿ ತಿಂದು ಬೆಳೆದವನ ಹಾಗೆ ಮೈಯೆಲ್ಲ ಎಲೆ. ಎರಡನೆಯವನು ನಿಧಾನ, ಆದರೆ ಬುಡ ಗಟ್ಟಿ. ಮೂರನೆಯವನ ಬಗ್ಗೆ ದೂರಿಲ್ಲ. ನಾಲ್ಕನೆಯದು (ನೋಡು, ಅದು ಎಂದೇ ಬರೆದೆ) ಹಳದಿ ತಿರುಗಿದೆ. ಬೆಳಿಗ್ಗೆ ಹೋದಾಗ ಮೂವರೂ ಗಾಳಿಗೆ ಆಡುತ್ತಿರುತ್ತಾರೆ, ಇದು ಮಾತ್ರ ತಟ್ಟೆ ಮುಂದಿಟ್ಟುಕೊಂಡು ಕೂತ ಹಾಗೆ ಸುಮ್ಮನೆ ಇರುತ್ತದೆ. ಹಾಸ್ಟೆಲಿನಲ್ಲಿ ಸಾಲಿನ ತುದಿಯಲ್ಲಿ ಕೂರುವ ಹುಡುಗರು ಹೀಗೇ. ಬಾಯಿಬಿಟ್ಟು ಕೇಳುವುದಿಲ್ಲ. ನಾವೇ ನೋಡಿ ಬಡಿಸಬೇಕು.

ಒಂದು ಸಂದೇಹ. ಅಕ್ಕಿ ತೊಳೆದ ನೀರು ಗೊಬ್ಬರದ ಲೆಕ್ಕಕ್ಕೆ ಬರುತ್ತದೆಯೇ? ಸುಮ್ಮನೆ ತಿಳಿದುಕೊಳ್ಳಲು ಕೇಳಿದೆ.

ನಿನ್ನ ಅಪ್ಪ

ಜುಲೈ 11

ಅಪ್ಪ,

ಬರುತ್ತದೆ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಪಾತ್ರೆ ತೊಳೆದ ನೀರು, ಎಲ್ಲವೂ ಬರುತ್ತದೆ. ದಯವಿಟ್ಟು ಸುಮ್ಮನೆ ಏನನ್ನೂ ತಿಳಿದುಕೊಳ್ಳಬೇಡ.

ನಿನ್ನ ಮಗಳು

ಆಗಸ್ಟ್ 2

ಪುಟ್ಟಿಗೆ ಆಶೀರ್ವಾದ.

ಹೂ ಬಂದಿದೆ. ನಾಲ್ಕನೆಯದೂ ಚೇತರಿಸಿಕೊಂಡಿದೆ. ತಾನಾಗಿಯೇ. ನೀನು ಹೇಳಿದೆಯಲ್ಲ, ಬೇರಿನ ಗಂಟು, ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ ಎಂದು, ಅದೇ ಇರಬೇಕು. ನಾನು ಆ ಕಡೆ ಹೋಗುವುದೇ ಕಡಿಮೆ. ಬೆಳಿಗ್ಗೆ ಒಂದು ಸಲ, ಅದೂ ಬೇರೆ ಕೆಲಸಕ್ಕೆ. ಕೈಯಲ್ಲಿ ಪಾತ್ರೆ ಇದ್ದರೆ ಅದು ಹಸುವಿಗೆ.

ಎರೆಗೊಬ್ಬರದ ಗುಡ್ಡೆ ಕರಗಿದೆ ಎಂದು ನಿನ್ನ ಅಮ್ಮ ನಿನಗೆ ಫೋನಿನಲ್ಲಿ ಹೇಳಿದರೆ, ಕೋಳಿ ಕೆದರಿದ್ದು ಎಂದು ತಿಳಿ.

ಖರ್ಚಿನ ಹಾಳೆ ಇಟ್ಟಿದ್ದೇನೆ. ನಾಲ್ಕನೆಯದರ ಖರ್ಚು ಸೊನ್ನೆ.

ನಿನ್ನ ಅಪ್ಪ

ಆಗಸ್ಟ್ 10

ಅಪ್ಪ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನದೆ ಇರುವಾಗಲೇ ನೀನು ಹೆಗಲು ಮುಟ್ಟಿ ನೋಡಿಕೊಂಡಂತಿದೆ ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ಅಮ್ಮ ಕಳಿಸಿದ ಫೋಟೋ ನೋಡಿ ಆ ಯೋಚನೆಯನ್ನೇ ಬಿಟ್ಟೆ. ನಾಲ್ಕನೆಯದರಲ್ಲಿ ಮೂರನೆಯದಕ್ಕಿಂತ ಹೆಚ್ಚು ಕಾಯಿ! ಮೇಡಂಗೆ ತೋರಿಸಿದೆ. ಕುರ್ಚಿಯಿಂದ ಎದ್ದು ನಿಂತು ನೋಡಿದರು. ಮಣ್ಣಿನಲ್ಲಿ ಹಿಂದಿನ ಸತ್ವ ಉಳಿದಿರಬೇಕು, ಈ ಜೀವಾಣುವೇ ವಿಶೇಷವಿರಬೇಕು, ಖರ್ಚಿಲ್ಲದೆ ಇಷ್ಟು ಇಳುವರಿ ಎಂದರೆ ಇದುವರೆಗಿನ ಲೆಕ್ಕವೆಲ್ಲ ತಲೆಕೆಳಗು ಎಂದರು. ನನ್ನ ಹೆಸರನ್ನೂ ಹಾಕಿ ಒಂದು ಲೇಖನ ಬರೆಯುತ್ತಾರಂತೆ.

ಕಟಾವಿಗೆ ಮುಂಚೆ ಕಣ್ಣಾರೆ ನೋಡಬೇಕೆಂದು ಇಪ್ಪತ್ತನೇ ತಾರೀಖು ಬರುತ್ತಿದ್ದಾರೆ. ನನಗೆ ಇಲ್ಲಿ ಪರೀಕ್ಷೆ ಇದೆ, ಅವರೊಬ್ಬರೇ ಬರುತ್ತಾರೆ. ಚೆನ್ನಾಗಿ ನೋಡಿಕೊ.

ನಿನ್ನ ಮಗಳು

ಆಗಸ್ಟ್ 21

ಪುಟ್ಟಿಗೆ ಆಶೀರ್ವಾದ.

ಮೇಡಂ ಬಂದು ಹೋದರು. ಒಳ್ಳೆಯ ಹೆಂಗಸು. ಸೀರೆ ಎತ್ತಿ ಕಟ್ಟಿ ನೇರವಾಗಿ ನಾಲ್ಕನೆಯ ಪಾತಿಗೇ ಇಳಿದರು. ಕಾಯಿ ಎಣಿಸಿದರು, ಗಿಡ ಅಳೆದರು, ಮಣ್ಣನ್ನು ಮೂಸಿದರು. ಮೂಸಿದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವರಿಗೆ ನೆಗಡಿ ಇತ್ತು.

ಊಟಕ್ಕೆ ಕೂರಿಸಿದೆ. ಬಡಿಸುತ್ತಿರುವಾಗ ಅವರು ಬಹಳ ಖುಷಿಯಿಂದ, ಮುಂದಿನ ತಿಂಗಳು ದೊಡ್ಡ ಸಭೆ ಇದೆ, ಅಲ್ಲಿ ಸಾವಿರ ಜನ ರೈತರಿಗೆ ಹೇಳುತ್ತೇನೆ, ಹೆಸರಿಗೆ ಗೊಬ್ಬರದ ಖರ್ಚೇ ಮಾಡಬೇಡಿ, ಏನೂ ಹಾಕದೆ ಬಿಡಿ ಎಂದು, ಅಂದರು.

ಪುಟ್ಟಿ, ಅಲ್ಲಿಯವರೆಗೂ ನಾನು ಗಟ್ಟಿಯಾಗಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ನಿನ್ನ ಪದವಿ ಆಗುತ್ತದೆ, ಲೇಖನ ಬರುತ್ತದೆ, ಯಾರಿಗೆ ಏನು ನಷ್ಟ ಎಂದುಕೊಂಡಿದ್ದೆ. ಆದರೆ ಸಾವಿರ ಜನ ಅಂದರೆ ಸಾವಿರ ಹೊಲ. ನನ್ನ ಒಂದು ಪಾತಿಯ ಉಪವಾಸ ನೋಡಲಾರದೆ ನಾನು ಮಾಡಿದ ಕೆಲಸಕ್ಕೆ ಸಾವಿರ ಹೊಲ ಉಪವಾಸ ಬೀಳಬೇಕೇ? ಸಟ್ಟುಗ ಪಾತ್ರೆಗೆ ಹಾಕಿ ಹೇಳಿಬಿಟ್ಟೆ. "ಮೇಡಂ, ಅದು ಉಪವಾಸ ಇಲ್ಲ. ದಿನಾ ಬೆಳಿಗ್ಗೆ ನಾನೇ ಅದಕ್ಕೆ ಬಡಿಸ್ತಿದ್ದೆ."

ಏನೇನು ಎಂದು ಕೇಳಿದರು. ಅಕ್ಕಿ ತೊಳೆದ ನೀರು, ಆಮೇಲೆ ಎರೆಗೊಬ್ಬರ, ಹೂ ಬಿಡುವಾಗ ಚೀಲದ್ದು ಒಂದೊಂದು ಹಿಡಿ ಎಂದೆ. ಒಟ್ಟು ಎಷ್ಟು ಹಿಡಿ, ಲೆಕ್ಕ ಇದ್ದರೆ ಇನ್ನೂ ಏನಾದರೂ ಮಾಡಬಹುದು ಎಂದರು. "ಬಡಿಸೋನು ಎಣಿಸ್ತಾನಾ ಮೇಡಂ?" ಎಂದೆ.

ಅವರು ಇನ್ನೊಂದು ಸಲ ಅನ್ನ ಹಾಕಿಸಿಕೊಂಡು ಪೂರ್ತಿ ಊಟ ಮಾಡಿ, ಕೈತೊಳೆದು ಹೊರಟರು. ಕೋಪ ಬಂದಿತ್ತು ಅನ್ನಿಸುತ್ತದೆ. ಊಟ ಮಾತ್ರ ಸೇರಿತು.

ನಿನ್ನ ಅಪ್ಪ

ಆಗಸ್ಟ್ 27

ಅಪ್ಪ,

ಒಂದು ವರ್ಷ ಹೋಯಿತು. ಲೇಖನ ಹರಿದು ಹಾಕಿದರು. ನಾನು ಮೇಡಂ ಕೋಣೆಯಲ್ಲಿ ತಲೆ ತಗ್ಗಿಸಿ ನಿಂತಿದ್ದೆ, ಇಡೀ ವಿಭಾಗಕ್ಕೆ ಈಗ ನಾನು ಅಕ್ಕಿ ತೊಳೆದ ನೀರಿನ ಹುಡುಗಿ. ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಂತೆ ಆಯಿತು ನನ್ನ ಕಥೆ, ಸೊನ್ನೆ ಖರ್ಚು ಎಂದು ನೀನು ಬರೆದೆ, ನಾನು ನಂಬಿ ಕುಣಿದೆ.

ನನಗೆ ನಿಜವಾಗಿ ನೋವಾದದ್ದು ಯಾವುದಕ್ಕೆ ಗೊತ್ತಾ? ಏಳು ವರ್ಷ ನಾನೂ ನಿನ್ನ ಹಾಸ್ಟೆಲಿನಲ್ಲೇ ಉಂಡೆ. ಅಡುಗೆಯವನ ಮಗಳಿಗೆ ಹೆಚ್ಚು ಬಿತ್ತು ಎಂದು ಯಾರೂ ಅನ್ನಬಾರದೆಂದು ನನ್ನ ತಟ್ಟೆಗೆ ಬಂದಾಗ ನಿನ್ನ ಸಟ್ಟುಗ ಅರ್ಧ ತುಂಬುತ್ತಿತ್ತು. ಸ್ವಂತ ಮಗಳಿಗೆ ಒಂದು ಸಟ್ಟುಗ ಹೆಚ್ಚು ಹಾಕದವನು, ಹೆಸರಿನ ಪಾತಿಗೆ ಕದ್ದು ಬಡಿಸಿದೆ.

ಸ್ವಲ್ಪ ದಿನ ಬರೆಯಬೇಡ.

ಮಗಳು

ಡಿಸೆಂಬರ್ 9

ಅಪ್ಪ,

ಬರೆಯಬೇಡ ಎಂದೆ, ನೀನು ನಿಜವಾಗಿಯೂ ಮೂರು ತಿಂಗಳು ಬರೆಯಲಿಲ್ಲ. ಬೇಡ ಎಂದ ಮಾತನ್ನು ಪಾತಿಯ ವಿಷಯದಲ್ಲಿ ಕೇಳಲಿಲ್ಲ, ಇದರಲ್ಲಿ ಚಾಚೂ ತಪ್ಪದೆ ಕೇಳಿದೆ. ಫೋನ್ ಮಾಡಿದರೆ ಅಮ್ಮನ ಕೈಗೆ ಕೊಟ್ಟು ಕೊಟ್ಟಿಗೆಗೆ ಹೋಗುತ್ತೀಯಂತೆ. ಅಪ್ಪ, ನನಗೆ ನಿನ್ನ ಮೇಲೆ ಕೋಪ ಇಳಿದು ಬಹಳ ದಿನವಾಯಿತು. ನಿನ್ನ ಪತ್ರ ಇಲ್ಲದೆ ಬೇಜಾರಾಗುತ್ತದೆ.

ಮೇಡಂ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಬೇಸಿಗೆ ಬೆಳೆಯಾಗಿ ಜನವರಿಯಲ್ಲಿ ಬಿತ್ತಬೇಕು, ಬಾವಿಯ ಪಕ್ಕದ ಹೊಸ ತುಂಡಿನಲ್ಲಿ. ಇದೇ ಕೊನೆಯದು. ಇದೂ ಕೆಟ್ಟರೆ ನಾನು ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಬರುವುದೇ.

ನೀನು ಒಪ್ಪಿದರೆ ಬೀಜ ಕಳಿಸುತ್ತೇನೆ.

ನಿನ್ನ ಮಗಳು

ಡಿಸೆಂಬರ್ 15

ಪುಟ್ಟಿಗೆ ಆಶೀರ್ವಾದ.

ತುಂಡು ಉತ್ತು ಹದ ಮಾಡುತ್ತೇನೆ. ಆದರೆ ಪ್ರಯೋಗಕ್ಕೆ ಬೇರೆ ಯಾರನ್ನಾದರೂ ನೇಮಿಸು, ಕೂಲಿ ನಾನು ಕೊಡುತ್ತೇನೆ. ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಮೂವತ್ತು ವರ್ಷದ ಅಭ್ಯಾಸ. ನಿನ್ನ ಬಾಳನ್ನು ಈ ಕೈಗೆ ಒಪ್ಪಿಸಬೇಡ.

ನಿನ್ನ ಅಪ್ಪ

ಡಿಸೆಂಬರ್ 22

ಅಪ್ಪ,

ಬೇರೆಯವರನ್ನು ನೇಮಿಸೋಣ ಎಂದು ನಾನೂ ಹೇಳಿದೆ. ಮೇಡಂ ಒಪ್ಪಲಿಲ್ಲ. "ಬೇರೆಯವರು ತಪ್ಪು ಮಾಡಿದ್ರೆ ನಮಗೆ ಹೇಳ್ತಾರೆ ಅಂತ ಏನು ಗ್ಯಾರಂಟಿ? ನಿಮ್ಮ ತಂದೆ ಹೇಳಿದ್ರು" ಎಂದರು. ಬೀಜ ಕಳಿಸಿದ್ದೇನೆ. ನೀನೇ ಮಾಡು.

ನಿನ್ನ ಮಗಳು

ಫೆಬ್ರವರಿ 16

ಪುಟ್ಟಿಗೆ ಆಶೀರ್ವಾದ.

ಮೂವರು ಕ್ಷೇಮ. ನಾಲ್ಕನೆಯದು ಹಳದಿ.

ನಾನು ಏನೂ ಹಾಕಿಲ್ಲ. ನೀರು ಕೂಡ ಬಾವಿಯದ್ದೇ, ಅಳತೆಯಂತೆಯೇ. ಮೊದಮೊದಲು ಆ ಕಡೆ ನೋಡದೆ ಬೇಲಿಯ ಹೊರಗಿನಿಂದ ಸುತ್ತಿ ಬರುತ್ತಿದ್ದೆ. ಅದು ಇನ್ನೂ ಕಷ್ಟ. ನೋಡದೆ ಇದ್ದರೆ ಏನಾಗಿದೆಯೋ ಎಂಬ ಚಿಂತೆಗೆ ಕೈ ತಾನಾಗಿ ಬುಟ್ಟಿಗೆ ಹೋಗುತ್ತದೆ. ಈಗ ಎದುರಿಗೇ ಹೋಗಿ ಬದುವಿನ ಮೇಲೆ ಕೂರುತ್ತೇನೆ, ಕೈ ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡು. ಅಕ್ಕಿ ತೊಳೆದ ನೀರನ್ನು ನಿನ್ನ ಅಮ್ಮ ನನಗೆ ಸಿಗದ ಹಾಗೆ ತಾನೇ ಹಸುವಿಗೆ ಹಾಕುತ್ತಾಳೆ. ದಾರಿಯಲ್ಲಿ ಹೋಗುವವರು, ಚಳಿಯಾ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ.

ನಿನ್ನೆ ಅಂಚಿನ ಒಂದು ಗಿಡ ಕಿತ್ತು ಬೇರು ನೋಡಿದೆ. ಗಂಟು ಇವೆ. ಒಡೆದರೆ ಒಳಗೆ ಕೆಂಪು. ಬಡಪಾಯಿ, ಒಲೆ ಹಚ್ಚಿಕೊಂಡಿದೆ. ಸ್ವಲ್ಪ ಸಮಾಧಾನವಾಯಿತು.

ನಿನ್ನ ಅಪ್ಪ

ಏಪ್ರಿಲ್ 8

ಪುಟ್ಟಿಗೆ ಆಶೀರ್ವಾದ.

ಕಟಾವು, ಒಣಗಿಸುವುದು, ಬಡಿಯುವುದು ಎಲ್ಲ ಆಯಿತು. ಮೊದಲನೆಯದು ಇಪ್ಪತ್ತೊಂಬತ್ತು ಕಿಲೋ, ಎರಡನೆಯದು ಮೂವತ್ತು, ಮೂರನೆಯದು ಮೂವತ್ತೆರಡು. ನಾಲ್ಕನೆಯದು ಹದಿನೇಳು. ತೂಗುವಾಗ ನಿನ್ನ ಅಮ್ಮ ತಕ್ಕಡಿ ಹಿಡಿದಳು, ನಾನು ಮುಟ್ಟಲಿಲ್ಲ.

ಎರಡನೆಯದಕ್ಕೆ ಕೈಯಿಂದ ಖರ್ಚೇ ಆಗಿಲ್ಲ, ನೆನಪಿರಲಿ. ಲಾಭದಲ್ಲಿ ನನ್ನ ಗೊಬ್ಬರವೇ ಮೊದಲು ಎಂದು ಕಾಣುತ್ತದೆ. ನಿನ್ನ ಪ್ರಬಂಧದಲ್ಲಿ ದೊಡ್ಡ ಅಕ್ಷರದಲ್ಲಿ ಬರೆ.

ನಿನ್ನ ಅಪ್ಪ

ಏಪ್ರಿಲ್ 19

ಅಪ್ಪ,

ಈ ಸಲ ಹದಿನೇಳು ಎಂಬ ಅಂಕಿ ನೋಡಿ ನಾನು ಅತ್ತುಬಿಟ್ಟೆ. ಇಷ್ಟು ಕಡಿಮೆ ಇಳುವರಿಗೆ ಖುಷಿಯಿಂದ ಅತ್ತವರು ಯಾರೂ ಇರಲಿಕ್ಕಿಲ್ಲ.

ಈಗ ಲೆಕ್ಕ. ಎಲ್ಲವನ್ನೂ ಹೆಸರುಕಾಳಿನಲ್ಲೇ ಹೇಳುತ್ತೇನೆ, ನಿನಗೆ ಸುಲಭ. ಮೊದಲನೆಯದಕ್ಕೆ ಹಾಕಿದ ಚೀಲದ ಗೊಬ್ಬರದ ಬೆಲೆ ಐದು ಕಿಲೋ ಹೆಸರಿನಷ್ಟು. ಕಳೆದರೆ ಇಪ್ಪತ್ತನಾಲ್ಕು ಉಳಿಯಿತು. ನಿನ್ನ ಸೊನ್ನೆಯನ್ನು ನಂಬಿದರೆ ಎರಡನೆಯದರಲ್ಲಿ ಮೂವತ್ತಕ್ಕೆ ಮೂವತ್ತೂ ಲಾಭ. ಆದರೆ ನಾನು ನಂಬಲಿಲ್ಲ. ಅಷ್ಟು ಗೊಬ್ಬರ ಹೊರಲು, ತಿರುವಲು, ಜರಡಿ ಹಿಡಿಯಲು ಹೊರಗಿನವರನ್ನು ಕರೆದಿದ್ದರೆ ಒಂಬತ್ತು ಕಿಲೋ ಹೆಸರಿನಷ್ಟು ಕೂಲಿ ಆಗುತ್ತಿತ್ತು. ಅದನ್ನು ನಿನ್ನ ಹೆಸರಿಗೆ ಬರೆದೆ. ಈಗ ಎರಡನೆಯದರಲ್ಲಿ ಉಳಿಯುವುದು ಇಪ್ಪತ್ತೊಂದು. ಮೂರನೆಯದರಲ್ಲಿ ಅರ್ಧ ಚೀಲ, ಅರ್ಧ ನಿನ್ನ ಕೂಲಿ ಕಳೆದರೂ ಇಪ್ಪತ್ತೈದು. ಎರಡನ್ನೂ ಬೆರೆಸಿದ್ದೇ ಗೆದ್ದಿತು. ನಾಲ್ಕನೆಯದಕ್ಕೆ ಖರ್ಚಿಲ್ಲ, ಹದಿನೇಳಕ್ಕೆ ಹದಿನೇಳೇ.

ನಿನ್ನ ಮಗಳು

ಏಪ್ರಿಲ್ 25

ಪುಟ್ಟಿಗೆ ಆಶೀರ್ವಾದ.

ನನಗೇ ಕೂಲಿ ಬರೆದು ನನ್ನ ಗೊಬ್ಬರವನ್ನೇ ಮೂರನೇ ಸ್ಥಾನಕ್ಕೆ ಇಳಿಸಿದ್ದೀಯ. ಕೊಡದ ಕೂಲಿಯಿಂದ ಸೋತವನು ಲೋಕದಲ್ಲಿ ನಾನೊಬ್ಬನೇ. ನಿನ್ನ ಅಮ್ಮನಿಗೆ ಓದಿ ಹೇಳಿದೆ. ಅವಳಿಗೆ ನಗು ತಡೆಯಲಿಲ್ಲ. ಆಮೇಲೆ, ಈ ಲೆಕ್ಕದಲ್ಲಿ ತನ್ನ ಮೂವತ್ತೈದು ವರ್ಷಕ್ಕೆ ಎಷ್ಟು ಕ್ವಿಂಟಾಲ್ ಆಗುತ್ತದೆ ಎಂದು ಕೇಳಿದಳು. ನಾನು ವಿಷಯ ಬದಲಾಯಿಸಿದೆ.

ಇರಲಿ, ನೀನು ಓದಿದವಳು. ಆದರೆ ನಾಲ್ಕನೆಯದಕ್ಕೆ ಖರ್ಚಿಲ್ಲ ಎಂದು ಬರೆದಿದ್ದೀಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಗೊಬ್ಬರ ಹೊರುವುದು ನನಗೆ ಕೆಲಸವೇ ಅಲ್ಲ, ಅದಕ್ಕೆ ನೀನು ಒಂಬತ್ತು ಕಿಲೋ ಬರೆದೆ. ಬೇಲಿ ಸುತ್ತುವುದನ್ನು ಬಿಟ್ಟಂದಿನಿಂದ ಕಟಾವಿನವರೆಗೆ ಒಂದು ಬೆಳಿಗ್ಗೆಯೂ ಬಿಡದೆ ಅದರ ಎದುರು ಬದುವಿನ ಮೇಲೆ ಕೈಕಟ್ಟಿ ಕೂತೆ. ಹಸಿದವರ ಮುಂದೆ ಕೂತು ಬಡಿಸದೆ ಇರುವುದು ನನ್ನ ಜನ್ಮದಲ್ಲೇ ಮಾಡಿದ ದೊಡ್ಡ ಕೆಲಸ. ಅದನ್ನು ನಿನಗಾಗಿ ಮಾಡಿದೆ. ಅದಕ್ಕೆ ಸೊನ್ನೆ ಬರೆದರೆ ನನಗೆ ಬೇಸರವಾಗುತ್ತದೆ.

ನಿನ್ನ ಅಪ್ಪ

ಜೂನ್ 18

ಅಪ್ಪ,

ಇವತ್ತು ಮೌಖಿಕ ಪರೀಕ್ಷೆ ಆಯಿತು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಇದು ದಾಖಲೆಯಾಗಲಿ.

ನಿನ್ನ ಪತ್ರವನ್ನು ಮೇಡಂಗೆ ತೋರಿಸಿದ್ದೆ. ಖರ್ಚು ಅಂದರೆ ಖರ್ಚೇ, ಬರೆಯಿರಿ ಎಂದಿದ್ದರು. ನೀನು ಕೂತ ಬೆಳಗುಗಳನ್ನೆಲ್ಲ ಕೂಡಿಸಿ, ಊರಿನ ಕೂಲಿಯ ದರಕ್ಕೆ ಲೆಕ್ಕ ಹಾಕಿ, ನಾಲ್ಕನೆಯ ಪಾತಿಯ ಎದುರು ಬರೆದೆ. ಇಪ್ಪತ್ತೇಳು ಕಿಲೋ ಹೆಸರಿನಷ್ಟಾಯಿತು. ಬೆಳೆದದ್ದು ಹದಿನೇಳು. ಏನೂ ಹಾಕದ ಪಾತಿಯೇ ನಾಲ್ಕರಲ್ಲಿ ಎಲ್ಲಕ್ಕಿಂತ ದುಬಾರಿ, ನೇರ ನಷ್ಟ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ವಯಸ್ಸಾದವರು, ಮುಖದಲ್ಲಿ ನಗುವಿನ ಸುಳಿವಿಲ್ಲ. ಮಿಕ್ಕ ಹಾಳೆಗಳನ್ನೆಲ್ಲ ಸುಮ್ಮನೆ ತಿರುವಿ ಆ ಸಾಲಿನ ಮೇಲೆ ಬೆರಳಿಟ್ಟರು.

"ಏನೂ ಹಾಕದ ಪಾತಿಗೆ ಇಷ್ಟೊಂದು ಕೂಲಿ ಯಾಕಮ್ಮ?"

"ಕಾವಲಿಗೆ, ಸರ್."

"ಯಾರಿಂದ ಕಾವಲು? ದನಾನಾ, ಹಂದೀನಾ?"

"ನಮ್ಮಪ್ಪನಿಂದ, ಸರ್."

"ಕಾದವರು ಯಾರು?"

"ಅದೂ ನಮ್ಮಪ್ಪನೇ."

ಮೇಡಂ ಕಿಟಕಿಯ ಕಡೆ ತಿರುಗಿಕೊಂಡರು. ನಾನು ಎಲ್ಲವನ್ನೂ ಹೇಳಿದೆ, ಅಕ್ಕಿ ತೊಳೆದ ನೀರಿನಿಂದ ಹಿಡಿದು ಕಂಕುಳಲ್ಲಿ ಇಟ್ಟ ಕೈಯವರೆಗೆ. ಪರೀಕ್ಷಕರು ಕೊನೆಗೆ ಪೆನ್ನು ತೆಗೆದು ಅಂಚಿನಲ್ಲಿ ಏನೋ ಗೀಚಿ, ಪ್ರಬಂಧ ಅಂಗೀಕಾರವಾಗಿದೆ, ಒಂದೇ ಒಂದು ತಿದ್ದುಪಡಿ ಮಾಡಿ ಕೊಟ್ಟರೆ ಸಾಕು ಎಂದರು.

ಹೊರಗೆ ಬಂದು ನೋಡಿದೆ. ನಿನ್ನ ಕೂಲಿಯ ಪಕ್ಕದಲ್ಲಿ ಬರೆದಿದ್ದರು: ಇದು ಕಡಿಮೆಯಾಯಿತು, ಹೆಚ್ಚಿಸಿ.

ನಿನ್ನ ಮಗಳು